ಇಳಿದ ಮೇಲೂ ಹೆಸರು ಅಲ್ಲೇ ಇರ್ಲಿ

ಫೋನ್ ಸ್ವಲ್ಪ ನಿಧಾನ ಆದ್ರೆ ಒಂದೇ ಜಾಗದಲ್ಲಿ ಎರಡೆರಡು ಸಲ ಒತ್ತೋ ಚಟ ನಿಮಗೂ ಇದ್ಯಾ? ಒತ್ತಿ ಎಡವಟ್ಟು ಮಾಡ್ಕೊಂಡಿದೀರಾ?

ನಿನ್ನೆ ಕಾಡುಗೋಡಿ ಮಾರ್ಕೆಟ್‌ನಲ್ಲಿ ಅವರೆಕಾಯಿ ರಾಶಿ ಹಾಕಿದ್ರು. ಆ ಸೊಗಡು ಮೂಗಿಗೆ ಬಡಿದಿದ್ದೇ ತಡ, ನಮ್ಮ ಟೆಸ್ಟರ್ ಅಕ್ಕ ನೆನಪಾದ್ರು. ಬೆಂಗಳೂರಿನ ಹೂಡಿಯ ಒಂದು ಸಣ್ಣ ಆ್ಯಪ್ ಕಂಪನೀಲಿ ನಾನು ಕೋಡ್ ಬರೀತಿದ್ದೆ, ಅಕ್ಕ ಅದನ್ನ ಚೆಕ್ ಮಾಡೋರು. ಹೂಡಿ ಇನ್ನೂ ಹಳ್ಳಿಯಾಗಿದ್ದಾಗಿಂದ ಅಲ್ಲೇ ಇದ್ದ ಮನೆತನ ಅಕ್ಕಂದು. ಸೀಸನ್ ಬಂದ್ರೆ ಊಟದ ಹೊತ್ತಲ್ಲಿ ಅವರೆಕಾಯಿ ಸುಲಿಯೋರು, ನಮ್ಮ ಕೈಲೂ ಸುಲಿಸೋರು...

ಆಗ ಸ್ಕೂಲ್ ವ್ಯಾನಿಗೆ ಒಂದು ಆ್ಯಪ್ ಮಾಡ್ತಿದ್ವಿ. ಮಕ್ಕಳ ಹೆಸರು ಸಾಲಾಗಿ ಬರೋದು. ಮಗು ಇಳಿದ ತಕ್ಷಣ ವ್ಯಾನ್ ಆಯಾ ಆ ಹೆಸರು ಒತ್ತಬೇಕು, ಅಪ್ಪ ಅಮ್ಮಂಗೆ ಮೆಸೇಜ್ ಹೋಗೋದು. ಒತ್ತಿದ ಹೆಸರು ಮಾಯ, ಕೆಳಗಿಂದು ಜುಂ ಅಂತ ಅದೇ ಜಾಗಕ್ಕೆ. ನಮ್ಮ ಬಾಸ್‌ಗೆ ಅದನ್ನ ನೋಡೋದೇ ಒಂದು ಖುಷಿ.

ಅಕ್ಕನಿಗೆ ಆಫೀಸಲ್ಲಿ ಕೂತು ಚೆಕ್ ಮಾಡಿದ್ರೆ ಸಮಾಧಾನ ಇಲ್ಲ. ಒಂದಿನ ಸಂಜೆ ವ್ಯಾನೇ ಹತ್ತಿದ್ರು. ಕೊನೇ ಸ್ಟಾಪಿಗೆ ಮುಂಚೆನೇ ಸ್ಕ್ರೀನ್ ಖಾಲಿ. "ಎಲ್ಲಾ ಇಳಿದ್ರು ಅಣ್ಣ" ಅಂದ್ರಂತೆ ಆಯಾ. ಡ್ರೈವರ್ ಶೆಡ್ ಕಡೆ ತಿರುಗಿಸ್ದ. ಅಕ್ಕ ಎದ್ದು ಹಿಂದೆ ಹೋಗಿ ನೋಡಿದ್ರೆ... ಒಂದು ಯುಕೆಜಿ ಹುಡುಗಿ, ಬ್ಯಾಗ್ ತಬ್ಕೊಂಡು ನಿದ್ದೆ. ಹಳೇ ಫೋನು, ಆಯಾ ಎರಡು ಸಲ ಒತ್ತಿದ್ರು. ಮೊದಲನೇದು ಇಳಿದ ಹುಡುಗನಿಗೆ ಬಿತ್ತು. ಎರಡನೇದು, ಆ ಜಾಗಕ್ಕೆ ಜರುಗಿ ಬಂದ ಇವಳ ಹೆಸರಿಗೆ. ಮಗಳು ಇಳಿದಳು ಅಂತ ಅವರಮ್ಮಂಗೆ ಆಗ್ಲೇ ಮೆಸೇಜ್ ಹೋಗಿತ್ತು.

ಮಾರನೇ ದಿನ ಬಾಸ್, "ಒಂದೇ ಸಲ ಒತ್ತಕ್ಕೆ ಆಯಾಗೆ ಹೇಳಿ ಮೇಡಂ. ಸೋಮವಾರ ಲಾಂಚ್ ಇದೆ" ಅಂದ್ರು.

"ಅಂಗೆಲ್ಲ ಆಗಲ್ಲ ಸಾರ್. ನೀವು ಲಿಫ್ಟ್ ಬಟನ್ ಗುದ್ದೋದು ನಾನ್ ನೋಡಿಲ್ವಾ? ಆ ಮಗು ಬೀಗ ಹಾಕಿದ ವ್ಯಾನಲ್ಲಿ ಎದ್ದಿದ್ರೆ?"

ಅಕ್ಕ ನನ್ನ ಕಡೆ ತಿರುಗಿದ್ರು. "ನೋಡೋ, ಮಗು ಇಳಿದ ಮೇಲೂ ಹೆಸರು ಅಲ್ಲೇ ಇರ್ಲಿ. ಬಣ್ಣ ಮಾಸ್ಲಿ, ಪಕ್ಕದಲ್ಲಿ ರೈಟ್ ಮಾರ್ಕ್ ಬರ್ಲಿ. ಜಾಗ ಬಿಟ್ಟು ಅಲ್ಲಾಡಬಾರ್ದು."

ಹಂಗೇ ಮಾಡಿದ್ವಿ. ಲಾಂಚ್ ಮುಂದಕ್ಕೆ ಹೋಯ್ತು, ಬಾಸ್ ಅಕ್ಕನ ಜೊತೆ ಮಾತು ಬಿಟ್ರು. ಅಕ್ಕ ಮಾತ್ರ ಬಾಸ್ ಟೇಬಲ್ ಮೇಲೂ ಒಂದು ಡಬ್ಬಿ ಹಿತಕಿದ ಅವರೆಬೇಳೆ ಸಾರು ಇಟ್ಟು ಬಂದ್ರು. ಡಬ್ಬಿ ತೊಳೆದು ವಾಪಸ್ ಬಂತು, ಮಾತು ಇನ್ನೂ ಸ್ವಲ್ಪ ದಿನ ತಡವಾಗಿ ಬಂತು.

ಆಮೇಲೆ ಕಂಪನಿ ಮುಚ್ತು, ನಾವೆಲ್ಲ ಚದುರಿದ್ವಿ. ಪ್ರತಿ ವರ್ಷ ಅವರೆಕಾಯಿ ಸೀಸನ್ನಿಗೆ ಅಕ್ಕನಿಗೆ ಒಂದು ಫೋನ್ ಮಾಡೋದು ಮಾತ್ರ ನಾನು ತಪ್ಪಿಸ್ತಿರ್ಲಿಲ್ಲ. ಹೋದ ವರ್ಷ ಅಕ್ಕ ಹೋಗ್ಬಿಟ್ರು...

ನಿನ್ನೆ ಅವರೆಕಾಯಿ ಚೀಲ ಹಿಡ್ಕೊಂಡು, ಅಭ್ಯಾಸಬಲ ನೋಡಿ, ಫೋನ್ ತೆಗೆದೆ. ಹೆಸರು ಸಿಕ್ತು. ಒತ್ತೋಕೆ ಹೋಗಿ ಬೆರಳು ನಿಂತ್ಹೋಯ್ತು. ಅಳಿಸೋಕೂ ಮನಸ್ಸು ಬರ್ಲಿಲ್ಲ ಕಣ್ರೀ. ಅಲ್ಲೇ ಇರ್ಲಿ.

ನಿಮ್ಮ ಫೋನಲ್ಲೂ ಹಿಂಗೆ ಅಳಿಸದೇ ಉಳಿಸ್ಕೊಂಡಿರೋ ಒಂದು ಹೆಸರು ಇರತ್ತಲ್ಲ? ಅವರು ಯಾರು, ಏನು... ಕೆಳಗೆ ಬರೀರಿ. ಕೂತು ಓದ್ತೀನಿ.