ಎಡಕ್ಕೆ ಬಿದ್ದ ಹೂ

ಇವತ್ತಿಗೂ ಯಾರಾದರೂ ನನ್ನೆದುರು ಕೈ ಚಾಚಿದರೆ ಕಣ್ಣು ಮೊದಲು ಅವರ ನರ ಹುಡುಕುತ್ತದೆ. ಸುಡುಗಾಡು ಅಭ್ಯಾಸ! ಮದುವೆಗೆ ಮೊದಲು ಚಿಕ್ಕೋಡಿಯಲ್ಲಿ ರಕ್ತ ತಪಾಸಣೆಯ ಕೋರ್ಸ್ ಮುಗಿಸಿ, ಅಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿದ್ದೆ. ಅಳುವ ಕೂಸಿನ ಕೈಯಿಂದಲೂ ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ರಕ್ತ ತೆಗೆಯುತ್ತಿದ್ದೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬೇಕು, ಈಗ ಹೇಳುವವರು ಬೇರೆ ಯಾರಿದ್ದಾರೆ?

ಮದುವೆಯಾಗಿ ಗಂಡನ ಊರು ಭೋಜಕ್ಕೆ ಬಂದ ಮೇಲೆ ಪುಣೆಯ ಒಂದು ಆಸ್ಪತ್ರೆಯ ಲ್ಯಾಬಿನಿಂದ ನನಗೆ ಕೆಲಸದ ಕರೆ ಬಂತು. ಗಂಡ ಒಲ್ಲೆ ಎನ್ನಲಿಲ್ಲ. "ಕಬ್ಬು ಅಣ್ಣ ನೋಡ್ಕೋತಾನ, ನಾ ಅಲ್ಲೇ ಏನರ ಕೆಲಸ ಹಿಡೀತೀನಿ" ಎಂದ. ಹಿಗ್ಗು ತಡೆಯಲಾರದೆ ಟ್ರಂಕಿನ ತಳದಲ್ಲಿದ್ದ ಲ್ಯಾಬಿನ ಬಿಳಿ ಕೋಟು ತೆಗೆದು, ಒಗೆದು, ಇಸ್ತ್ರಿ ಮಾಡಿಟ್ಟೆ. ಆದರೆ ಮಾವ, "ಊರು ಬಿಡೋ ಮಾತು ಹಂಗ ಆಗೂದಿಲ್ಲ. ದೇವರ ಕೌಲ ಕೇಳೂಣು" ಎಂದರು.

ಹೊಲ ಕೊಳ್ಳುವುದಿರಲಿ, ಹೆಣ್ಣು ಕೊಡುವುದಿರಲಿ, ಈ ಮನೆಯಲ್ಲಿ ಕೌಲ ಕೇಳದೆ ಮುಂದಿನ ಹೆಜ್ಜೆ ಇಲ್ಲ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಹಚ್ಚುತ್ತಾನೆ. ಮನೆಯ ಹಿರಿಯ ಹೆಣ್ಣುಮಗಳು ಕೈಮುಗಿದು ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳುತ್ತಾಳೆ. ಬಾಯಿಬಿಟ್ಟರೆ ಕೌಲ ಕೆಡುತ್ತದಂತೆ. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

ಅಂದು ಕೇಳಿದವರು ನಮ್ಮ ಅತ್ತೆ. ಕಣ್ಣು ಮುಚ್ಚಿ ನಿಂತೇ ನಿಂತರು. ನಾನು ಬಲಗಡೆಯ ಹೂವನ್ನೇ ದಿಟ್ಟಿಸುತ್ತ 'ಬೀಳ ನನ್ನವ್ವಾ, ಬೀಳ' ಎಂದು ಒಳಗೊಳಗೇ ಬೇಡುತ್ತಿದ್ದೆ. ಎಡಗಡೆಯದು ಟಪ್ಪನೆ ಬಿತ್ತು.

"ಬ್ಯಾಡ ಅಂದಾನ. ಮುಗೀತು, ನಡೀರಿ" ಎಂದರು ಮಾವ. ಗಂಡ ತೆಂಗಿನಕಾಯಿಯ ಚೂರು ಬಾಯಿಗೆ ಹಾಕಿಕೊಂಡ, ನನ್ನ ಮುಖ ನೋಡಲಿಲ್ಲ. ದೇವರ ಮಾತಿಗೆ ಎದುರಾಡುವುದು ಹೇಗೆ? ಮನೆಗೆ ಬಂದು ರೊಟ್ಟಿ ಬಡಿದೆ. ಬರಲಾಗುವುದಿಲ್ಲ ಎಂದು ಪುಣೆಗೆ ಫೋನ್ ಮಾಡಿದಾಗ ಅವರು ಕಾರಣ ಕೇಳಿದರು. ಎಡಗಡೆಯ ಹೂ ಬಿತ್ತು ಎನ್ನಲೇ? ಮನೆಯಲ್ಲಿ ಅಡಚಣೆ ಇದೆ ಎಂದು ಮರಾಠಿಯಲ್ಲಿ ಸುಳ್ಳು ಹೇಳಿದೆ. ಕಬ್ಬಿನ ಗರಿ ಮೈ ಕೊಯ್ಯದಿರಲೆಂದು ಆ ಬಿಳಿ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು ಹೊಲಕ್ಕೆ ಹೋಗಿ ಹೋಗಿ ಹರಿದು ಹಾಕಿದೆ.

ವರ್ಷಗಳು ಕಳೆದವು. ಮೊನ್ನೆ ಚಳಿಗಾಲದಲ್ಲಿ ಅತ್ತೆ ಮತ್ತು ನಾನು ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದೆವು. ಪಕ್ಕದ ಮನೆಯವರು ಕೊಲ್ಲಾಪುರಕ್ಕೆ ಹೋಗಿ ನೆಲೆಸುವ ಮಾತು ಬಂತು. ಅತ್ತೆ ತಲೆ ಎತ್ತದೆ ಅಂದರು: "ಅವತ್ತ ನಾ 'ಇವರು ಹೋಗ್ಲೇನು' ಅಂತ ಕೇಳಿರಲಿಲ್ಲ ಬೇ. 'ಇವರನ್ನ ಇಲ್ಲೇ ಇಟ್ಕೊಳ್ಳಲೇನಪಾ' ಅಂತ ಕೇಳಿದ್ನಿ."

ಕೈಯಲ್ಲಿನ ಸೊಪ್ಪು ಕೈಯಲ್ಲೇ ಉಳಿಯಿತು. ಇಟ್ಟುಕೊಳ್ಳಲೇ ಎಂದದ್ದಕ್ಕೆ ದೇವರು ಬೇಡ ಎಂದಿದ್ದ. ಅಂದರೆ ಕಳಿಸು ಎಂದಿದ್ದ! ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಆ ಬಡಪಾಯಿ ಪೂಜಾರಿಯದೂ ತಪ್ಪಿರಲಿಲ್ಲ.

"ಮತ್ತ ಅವತ್ತ ಯಾಕ ಹೇಳಲಿಲ್ರಿ?" ಎಂದು ಕೂಗಿಯೇ ಬಿಟ್ಟೆ.

"ನಿಮ್ಮ ಮಾವ 'ಬ್ಯಾಡ ಅಂದಾನ' ಅಂದ್ರು. ನನಗೂ ಅದ ಬೇಕಾಗಿತ್ತು" ಎಂದರು ಅತ್ತೆ. "ಆದರ ಜೀವಕ್ಕ ಸಮಾಧಾನ ಇರಲಿಲ್ಲ. ಸಂಜೀತನಕ ನಿನ್ನ ಮಾರಿ ನೋಡಿದ್ನಿ. 'ನಾ ಹೋಗಬೇಕಾಗಿತ್ತು' ಅಂತ ನೀ ಒಮ್ಮೆ ಅತ್ತಿದ್ದರ ಹೇಳೇಬಿಡ್ತಿದ್ನಿ. ನೀ ನೋಡಿದ್ರ ನಕ್ಕೋತ ರೊಟ್ಟಿ ನೀಡಿದಿ."

ನಕ್ಕಿದ್ದು ಹೌದು. ಅಳು ಕಾಣಬಾರದೆಂದು ನಕ್ಕಿದ್ದೆ.

ಸೊಪ್ಪು ಮುಗಿದಿತ್ತು. ಅತ್ತೆ ಮೇಲೇಳಲು ನನ್ನತ್ತ ಕೈ ಚಾಚಿದರು. ತೆಳ್ಳಗಿನ ಚರ್ಮದ ಕೆಳಗೆ ಹಸಿರು ನರ ಎದ್ದು ಕಾಣುತ್ತಿತ್ತು, ಕಣ್ಣು ಕಟ್ಟಿದರೂ ನನಗೆ ಸಿಗುವಂಥ ನರ. ಸ್ವಲ್ಪ ಹೊತ್ತು ಆ ಕೈ ಹಿಡಿಯಲಿಲ್ಲ. ಆಮೇಲೆ ಹಿಡಿದು ಎಬ್ಬಿಸಿದೆ. ರೊಟ್ಟಿಗೆ ಹೊತ್ತಾಗಿತ್ತು.