ವೆಂಕಟರತ್ನಮ್ಮನ ಮನೆಯ ಕಿಟ್ಟಪ್ಪ

ಟೇಕಲ್ ಬೆಟ್ಟದ ಹಿಂದಿನ ಹಳ್ಳಿಯೊಂದರಲ್ಲಿ ರೇಷ್ಮೆಹುಳು ಸಾಕುತ್ತಿದ್ದ ವೆಂಕಟರತ್ನಮ್ಮನಿಗೆ ಗಂಡ ತೀರಿಹೋಗಿದ್ದ, ಮಕ್ಕಳೂ ಇರಲಿಲ್ಲ. ೧೯೮೪ರಲ್ಲಿ ಉಗಾಂಡ ದೇಶದ ಯುವಕನೊಬ್ಬ ರೇಷ್ಮೆ ಕೆಲಸ ಕಲಿಯಲು ಬಂದು ಅವಳ ಮನೆಯಲ್ಲಿ ಉಳಿದುಕೊಂಡ. ಹೆಸರು ಕಿಜಿಟೊ. ನಾಲಿಗೆ ತಿರುಗದೆ ಅವಳು ಕಿಟ್ಟಪ್ಪ ಅಂದಳು; ಊರೂ ಹಾಗೇ ಕರೆಯಿತು.

ವರ್ಷ ಕಳೆಯುವುದರೊಳಗೆ ಅವನಿಗೆ ಕನ್ನಡ ಬಂತು, ನಿದ್ದೆ ಹೋಯಿತು. ಅವನ ಸೀಮೆಯಲ್ಲಿ ಸೈನಿಕರು ದಂಗೆಕೋರರನ್ನು ಹುಡುಕುತ್ತಾ ಹಳ್ಳಿಗಳನ್ನೇ ಸುಡುತ್ತಿದ್ದರು. ಊಟದ ಹೊತ್ತಿಗೆ ರೇಡಿಯೋ ಸುದ್ದಿ ಶುರುವಾದರೆ, ಮುದ್ದೆ ಮುರಿದ ಕೈ ಹಾಗೇ ಒಣಗುತ್ತಿತ್ತು.

ಒಂದು ಮಧ್ಯಾಹ್ನ ಮನೆ ಮುಂದೆ ಕಾರು ನಿಂತಿತು. ಇಳಿದವರು ಅವನ ದೇಶದವರೇ, ಇಬ್ಬರು. ಕಾರಿನ ಡ್ರೈವರ್ ಅವರ ಮಾತು ತಿಳಿಸಿದ: "ಆ ಹುಡುಗನ್ನ ಕರ್ಕೊಂಡು ಹೋಗೋಕೆ ಬಂದವ್ರೆ. ಅವರ ಸರ್ಕಾರ ವಾಪಸ್ ಕರೀತಿದೆಯಂತೆ."

ಕಿಟ್ಟಪ್ಪ ಹುಳುಮನೆಯೊಳಗಿದ್ದ. ವೆಂಕಟರತ್ನಮ್ಮ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಹುಳ ಹಣ್ಣಾಗ್ತಿವೆ, ಗೂಡು ಕಟ್ಟೋ ಹೊತ್ತು. ಹೊರಗಿನೋರು ಕಾಲಿಟ್ರೆ ರೋಗ ಬಂದು ಬೆಳೆನೇ ಹೋಗ್ತದೆ. ಕರೆದಿರೋ ಕಾಗದ ಎಲ್ಲಿ? ತೋರ್ಸಿ."

ಕಾಗದ ಇರಲಿಲ್ಲ. ಅವರಲ್ಲೊಬ್ಬ ಅವಳ ಹೆಗಲ ಮೇಲಿಂದ ಕೈ ಚಾಚಿ ಬಾಗಿಲು ನೂಕಿದ. ಅವಳು ಕದಲಲಿಲ್ಲ. ಹಿಪ್ಪುನೇರಳೆ ತೋಟದ ಕಡೆ ತಿರುಗಿ ಕೂಗಿದಳು. ಸೊಪ್ಪು ಬಿಡಿಸುತ್ತಿದ್ದ ಹೆಂಗಸರೆಲ್ಲ ಓಡಿಬಂದು ಸುತ್ತ ನಿಂತರು. ಮತ್ತೆ ಬರುತ್ತೇವೆ ಎಂದು ಕಾರು ಹೊರಟಿತು.

ಒಳಗೆ ಕಿಟ್ಟಪ್ಪ ಗೋಡೆಗೊರಗಿ ಕೂತಿದ್ದ.

"ನಿಜ ಹೇಳಪ್ಪ. ಏನು ಮಾಡಿದ್ದೀಯ?"

"ನಾನಲ್ಲಮ್ಮ, ಅಣ್ಣ. ಅಪ್ಪನ್ನ ಸೈನಿಕರು ಮನೆ ಮುಂದೇನೇ ಕೊಂದ್ರು. ಆಮೇಲೆ ಅಣ್ಣ ಬಂದೂಕು ಹಿಡಿದು ಕಾಡಿಗೆ ಹೋಗಿ ದಂಗೆಕೋರರನ್ನ ಸೇರ್ಕೊಂಡ. ನನ್ನ ಹಿಡ್ಕೊಂಡ್ರೆ ಅವನು ಹೊರಗೆ ಬರ್ತಾನೆ ಅಂತ ಅವರ ಲೆಕ್ಕ."

ವಿಷಯ ಕೇಳಿದ ಮೈದುನ ಅಶ್ವತ್ಥಪ್ಪ ಸಿಡಿದ. "ಯಾವುದೋ ದೇಶದ ಜಗಳ ಅತ್ತಿಗೆ, ನಮ್ಮೂರಿಗ್ಯಾಕೆ? ಕಳಿಸಿಬಿಡಿ."

"ಕಳಿಸಿದ್ರೆ ಕೊಲ್ತಾರೆ ಕಣೋ," ಎಂದಳು.

ಬಚ್ಚಿಡೋಣವೆಂದರೆ ಅವನನ್ನು ಗುರುತಿಸದವರು ತಾಲ್ಲೂಕಿನಲ್ಲೇ ಇರಲಿಲ್ಲ. ಮಾರನೆಯ ದಿನ ಅವನನ್ನು ಕರೆದುಕೊಂಡು ಅವಳೇ ಮಾಲೂರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಅವಳು ನಡೆದದ್ದೆಲ್ಲ ಹೇಳಿ ಕಾವಲು ಕೇಳಿದಾಗ ಇನ್‌ಸ್ಪೆಕ್ಟರ್ ಅವನ ಪಾಸ್‌ಪೋರ್ಟನ್ನು ತಿರುವಿ ತಿರುವಿ ನೋಡಿದರು.

"ನಾಳೆ ಇವನಿಂದ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಹೊಣೆ ಆಗ್ತೀರೇನಮ್ಮ?"

"ಆಗ್ತೀನಿ, ಸ್ವಾಮಿ."

ಕಾರು ಮತ್ತೊಮ್ಮೆ ಬಂತು. ಜಗುಲಿಯ ಮೇಲೆ ಇನ್‌ಸ್ಪೆಕ್ಟರ್ ಕಳಿಸಿದ್ದ ಕಾನ್‌ಸ್ಟೇಬಲ್ ಕೂತಿದ್ದುದನ್ನು ಕಂಡು ದೂರದಲ್ಲೇ ತಿರುಗಿಕೊಂಡಿತು. ಆದರೂ ರಸ್ತೆಯಲ್ಲಿ ಯಾವ ವಾಹನದ ಸದ್ದಾದರೂ ಅವಳು ಕೆಲಸ ಬಿಟ್ಟು ಎದ್ದು ನೋಡುತ್ತಿದ್ದಳು.

೧೯೮೬ರ ಜನವರಿಯಲ್ಲಿ ದಂಗೆಕೋರರು ರಾಜಧಾನಿ ಹಿಡಿದರೆಂದು ರೇಡಿಯೋ ಹೇಳಿತು. ಅಶ್ವತ್ಥಪ್ಪನೇ ಬೆಲ್ಲ ಹಂಚಿದ. ಕೆಲವು ವಾರಗಳಲ್ಲಿ ಉಳಿದ ಸುದ್ದಿಯೂ ಬಂತು: ತಾಯಿ ಬದುಕಿದ್ದಾಳೆ, ಅಣ್ಣ ಕೊನೆಯ ಕಾಳಗದಲ್ಲಿ ಸತ್ತ.

ಟೇಕಲ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಅವಳು ಕೇಳಿದಳು, "ಅಲ್ಲಿ ಈಗ ಎಲ್ಲ ತಣ್ಣಗಾಯ್ತೇನಪ್ಪ?"

"ಗೊತ್ತಿಲ್ಲಮ್ಮ. ಅಮ್ಮ ಒಬ್ಬಳೇ ಇದ್ದಾಳೆ, ಹೋಗ್ತೀನಿ."

ಅವಳು ತಡೆಯಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಕಾರ್ಡು ಬಂತು. ಸುಟ್ಟುಹೋದ ಊರಿನ ಪಕ್ಕದಲ್ಲೇ ತಾಯಿ ಮಗ ಗುಡಿಸಲು ಕಟ್ಟಿಕೊಂಡಿದ್ದರು.