ಸುವರ್ಣಮ್ಮ ಆಡಿ ಮುಗಿಸಿದ ಆಟ

“ಇವಳಿಗೆ ನಾಚ್ಕೆ ಇಲ್ವ? ಯಾರ ಮನೆಗೋದ್ರೂ ಕೈಗೆ ಸಿಕ್ಕಿದ್ದ ಚೀಲಕ್ಕಾಕೊಂಡು ಬತ್ತಾಳಲ್ಲ!”

ಅವರೆಕಾಯಿ ಬಿಡಿಸುತ್ತ ಕೂತಿದ್ದ ಸುವರ್ಣಮ್ಮ ಮೊರದಿಂದ ತಲೆಯೆತ್ತಿ ಹಾಗೆಂದಾಗ ಸೊಸೆ ದಿವ್ಯಳಿಗೆ ನಗು ತಡೆಯಲಾಗಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಇರಿನಾ ಎಂಬ ಹೆಂಗಸು ಯಾರದೋ ಅಡುಗೆಮನೆಯಿಂದ ಒಂದು ಚಮಚ ಎತ್ತಿ ಚೀಲಕ್ಕೆ ಹಾಕಿಕೊಂಡಿದ್ದಳು.

“ಇದು ಆಟ ಅತ್ತೆ. ಈಗ ಎತ್ಕೊಂಡ್ರೆ ಮುಂದೆ ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬರುತ್ತೆ.”

“ತನ್ನ ಕೂಸು ಕಾಣೆಯಾಗ್ಯದೆ. ಇವ್ಳು ನೋಡಿದ್ರೆ ಚಮಚ ಎತ್ಕತಾ ಅವ್ಳೆ.”

ಮಗಳು ದೀಪ ಮಧ್ಯಾಹ್ನ ಮಲಗಿದ ಮೇಲೆ ಸಿಗುವ ಒಂದೂವರೆ ಗಂಟೆಯೇ ದಿವ್ಯಳ ಸ್ವಂತದ ಹೊತ್ತು. ಮೈಸೂರಿನಲ್ಲಿ ಓದುವಾಗಿನಿಂದ ಅವಳಿಗೆ ಇಂಥ ಆಟಗಳ ಹುಚ್ಚು. ಓಡುವುದು, ಗುಂಡು ಹಾರಿಸುವುದು ಇವುಗಳಲ್ಲಿಲ್ಲ. ಒಂದು ಚಿತ್ರ ಬರುತ್ತದೆ. ಅದರಲ್ಲಿ ಬಾಣದ ಗುರುತು ಆಡಿಸಿ ಬಾಗಿಲು, ಬೀರು, ಮನುಷ್ಯರು ಎಲ್ಲವನ್ನೂ ಒತ್ತಿ ನೋಡಬೇಕು. ಒತ್ತಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದೆರಡು ಸಾಲು ಉತ್ತರ ಬರುತ್ತದೆ. ಹಾಗೇ ಕಥೆ ಮುಂದೆ ಸಾಗುತ್ತದೆ. ಈ ಕಥೆಯಲ್ಲಿ ಇರಿನಾ ಯಾವುದೋ ಚಳಿದೇಶದ ದೊಡ್ಡ ಹೋಟೆಲಿನ ಬಟ್ಟೆ ಒಗೆಯುವವಳು. ಹೋಟೆಲಿಗೆ ನೂರಾರು ಜನ ಬರಲಿರುವ ದಿನ, ಕೈತುಂಬ ಕೆಲಸವಿರುವಾಗ, ಅವಳ ಮೂರು ವರ್ಷದ ಮಗಳು ಮಿಲಾ ಕಾಣೆಯಾಗುತ್ತಾಳೆ. ದಿವ್ಯ ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ಸುವರ್ಣಮ್ಮನ ಚಾಪೆ ದಿನಕ್ಕೊಂದು ಗೇಣು ಹತ್ತಿರ ಸರಿಯುತ್ತಿತ್ತು.

ಮೊದಲ ದಿನವೇ ಒಂದು ಸಂಗತಿ ನಡೆದಿತ್ತು. ಆಟದ ಮೊದಲ ಚಿತ್ರ ಹೋಟೆಲಿನ ಹಿತ್ತಲು. ಅಲ್ಲೊಂದು ಕಲ್ಲಿನ ತೊಟ್ಟಿ, ನೀರಿನ ಮೇಲೆ ತೇಲುವ ಬಿಳಿ ಬೆಡ್‌ಶೀಟುಗಳು.

“ಆ ಬಟ್ಟೆ ಎತ್ತು,” ಎಂದರು ಸುವರ್ಣಮ್ಮ.

ದಿವ್ಯ ಒತ್ತಿದಳು. “ನೆನೆಹಾಕಿದ ಬಟ್ಟೆ, ಅಷ್ಟೇ. ಈಗ ಅದಕ್ಕೆ ಪುರುಸೊತ್ತಿಲ್ಲ, ಅಂತಾಳೆ.”

“ಎತ್ತು ಅಂದೆ.”

“ಅಲ್ಲೇನೂ ಇಲ್ವಂತೆ ಅತ್ತೆ.”

“ಇನ್ನೊಂದು ಸಲ ಒತ್ತು.”

ಮೂರು ಸಲ ಒತ್ತಿದರೂ ಅದೇ ಸಾಲು. ಸುವರ್ಣಮ್ಮ ಬಿಡಿಸದ ಕಾಯಿಯನ್ನು ಮೊರದಲ್ಲೇ ಬಿಟ್ಟು ಎದ್ದು ಒಳಗೆ ಹೋದರು. ವಯಸ್ಸಾದವರ ಹಟ ಎಂದುಕೊಂಡು ದಿವ್ಯ ಇರಿನಾಳನ್ನು ಬೀದಿಗೆ ಕರೆದುಕೊಂಡು ಹೋದಳು.

ಅತ್ತೆಯ ಹಟ ದಿವ್ಯಳಿಗೆ ಹೊಸದಲ್ಲ. ಯಳಂದೂರಿನಿಂದ ಮೂರು ಮೈಲಿಯ ಈ ಊರಿಗೆ ಅವಳು ಸೊಸೆಯಾಗಿ ಬಂದು ನಾಲ್ಕು ವರ್ಷ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬಂದರೂ ಈ ಮನೆಯ ಬಚ್ಚಲಲ್ಲಿ ಒಂದು ಬಕೆಟ್ಟಿನಲ್ಲೂ ನೀರು ನಿಲ್ಲುವಂತಿಲ್ಲ. ಸ್ನಾನ ಮುಗಿಸಿದ ಕೂಡಲೇ ಬಕೆಟ್ಟು ಮಗುಚಿಡಬೇಕು. ಮಾಳಿಗೆಯ ಮೇಲಿನ ಟ್ಯಾಂಕಿನ ಮುಚ್ಚಳಕ್ಕೆ ಬೀಗ. ಹಿತ್ತಲಲ್ಲಿರುವ ಹಳೆಯ ಸಿಮೆಂಟು ತೊಟ್ಟಿಗೆ ಬಾಯಿಮಟ್ಟ ಮಣ್ಣು ತುಂಬಿ ಕನಕಾಂಬರ ಹಾಕಿದ್ದಾರೆ. ಹೂವು ಬಿಟ್ಟು ಉದುರಿದರೂ ಅತ್ತೆ ಒಂದು ದಿನ ಬಿಡಿಸಿದ್ದನ್ನು ಯಾರೂ ಕಂಡಿಲ್ಲ. ಗಂಡ ಶಾಂತಮೂರ್ತಿಯನ್ನು ಕೇಳಿದರೆ, “ಅವ್ವ ಮೊದಲಿಂದಲೂ ಹಂಗೇ,” ಎಂದು ಯಳಂದೂರಿನ ತನ್ನ ಗೊಬ್ಬರದಂಗಡಿಗೆ ಹೊರಟುಬಿಡುತ್ತಿದ್ದ.

ಇದೆಲ್ಲವನ್ನೂ ದಿವ್ಯ ಸಹಿಸಿದ್ದಳು. ಸಹಿಸಲಾಗದ್ದು ಎರಡು ತಿಂಗಳ ಹಿಂದೆ ನಡೆದದ್ದು. ಅವಳು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಸುವರ್ಣಮ್ಮ ದೀಪಳ ಸೊಂಟಕ್ಕೆ ಹಳೆ ಸೀರೆಯ ಅಂಚು ಸುತ್ತಿ, ಇನ್ನೊಂದು ತುದಿಯನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ, ಒಲೆಯ ಮುಂದೆ ಕೂತಿದ್ದರು. ಮಗು ಅಳುತ್ತಿರಲಿಲ್ಲ; ಕಂಬ ಸುತ್ತಿ ಸುತ್ತಿ ಆಡುತ್ತಿತ್ತು. ಆದರೂ ದಿವ್ಯ ಚಪ್ಪಲಿ ಬಿಡದೆ ಒಳಗೆ ಓಡಿದಳು. ಮಗುವಿನ ಉಸಿರಾಟವನ್ನು ನಿದ್ದೆಯಲ್ಲೂ ಎದ್ದೆದ್ದು ನೋಡುವವಳು, ಗ್ಯಾಸಿನ ಗುಂಡಿಯನ್ನು ಮೂರು ಸಲ ತಿರುಗಿಸಿ ನೋಡುವವಳು ಅವಳು.

“ಏನತ್ತೆ ಇದು, ಕರು ಕಟ್ಟಿಹಾಕಿದ ಹಾಗೆ ಕಟ್ಟಿಹಾಕಿದ್ದೀರಲ್ಲ!”

ಸುವರ್ಣಮ್ಮ ಅವಳನ್ನು ನೋಡಿದರು. ಎದ್ದು ಬಂದು ಗಂಟು ಬಿಚ್ಚಿದರು. ಅಂದಿನಿಂದ ದೀಪಳನ್ನು ತಾವಾಗಿ ಎತ್ತಿಕೊಂಡದ್ದೂ ಇಲ್ಲ.

ಈಗ ಕೊಳ್ಳೇಗಾಲದ ಖಾಸಗಿ ಶಾಲೆಯೊಂದರವರು ದಿವ್ಯಳನ್ನು ಕಂಪ್ಯೂಟರ್ ಟೀಚರಾಗಿ ವಾಪಸು ಕರೆದಿದ್ದರು. ಸೋಮವಾರ ಬಂದು ಸೇರಿದರೆ ಸರಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಖಂಡಿತವಾಗಿ ಹೇಳಿದ್ದರು. ಎರಡು ವರ್ಷ ಈ ನಾಲ್ಕು ಗೋಡೆಗಳ ನಡುವೆ ಅವಳ ತಲೆ ಕೆಟ್ಟಿತ್ತು, ಹೋಗಲೇಬೇಕು. ಆದರೆ ಎರಡು ವರ್ಷದ ಮಗುವನ್ನು ಯಾರ ಕೈಗೆ ಬಿಟ್ಟುಹೋಗುವುದು? ಮಗುವನ್ನು ಕಂಬಕ್ಕೆ ಕಟ್ಟುವ ಈ ಕೈಗೇ?

ಆ ವಾರವಿಡೀ ಅತ್ತೆ ಸೊಸೆ ಮಿಲಾಳನ್ನು ಹುಡುಕಿದರು. ಪೊಲೀಸ್ ಸ್ಟೇಷನ್ನಿನ ದಫೇದಾರನನ್ನು ಐದು ಸಲ ಮಾತಾಡಿಸಿದರೂ ಅದೇ ಉತ್ತರ ಬಂದಾಗ ಸುವರ್ಣಮ್ಮ, “ಇವ್ನು ನಮ್ಮ ತಾಲ್ಲೂಕಾಪೀಸಿನವ್ನೇ ಇರ್ಬೇಕು ಕಣವ್ವ,” ಎಂದರು. ರೈಲು ನಿಲ್ದಾಣ, ಸೇತುವೆ, ಸಂತೆಬೀದಿ. ಹೋದಲ್ಲೆಲ್ಲ ಜನ ಕೈ ತೋರಿಸಿ ಮುಂದಕ್ಕೆ ಕಳಿಸುತ್ತಿದ್ದರು. ಚಿತ್ರಗಳು ಮಾತ್ರ ಎಷ್ಟು ಚೆಂದ! ಹಿಮದ ಮೇಲೆ ದೀಪದ ಬೆಳಕು ಬಿದ್ದ ಬೀದಿಯನ್ನು ದಿವ್ಯ ಸುಮ್ಮನೆ ನೋಡುತ್ತ ಕೂರುವಳು. “ಚೆಂದ ನೋಡ್ತಾ ಕೂತ್ಕಂಡ್ರೆ ಆಯ್ತಾ? ಓಗು ಮುಂದಕ್ಕೆ,” ಎಂದು ಸುವರ್ಣಮ್ಮ ಗದರುವರು.

ಶುಕ್ರವಾರ ಕಥೆ ಸುತ್ತಿ ಬಳಸಿ ಮತ್ತೆ ಅದೇ ಹಿತ್ತಲಿಗೆ ಬಂತು. ಈ ಸಲ ತೊಟ್ಟಿಯನ್ನು ಒತ್ತಿದಾಗ ಇರಿನಾ ಬೆಡ್‌ಶೀಟು ಎತ್ತಿದಳು. ಅದರ ಕೆಳಗೆ ಮಿಲಾಳ ಕೆಂಪು ಅಂಗಿ. ಪರದೆ ಕಪ್ಪಾಯಿತು. ಆಟ ಮುಗಿಯಿತು.

ಸುವರ್ಣಮ್ಮ ಅಳಲಿಲ್ಲ. ಎದ್ದು ಬಚ್ಚಲಿಗೆ ಹೋದರು. ಆಗಲೇ ಮಗುಚಿಟ್ಟಿದ್ದ ಬಕೆಟ್ಟುಗಳನ್ನು ಎತ್ತಿ ಒಳಗೆ ನೋಡಿ ಮತ್ತೆ ಮಗುಚುವ ಸದ್ದು ದಿವ್ಯಳಿಗೆ ಕೇಳಿಸಿತು.

ಸಂಜೆ ದಿವ್ಯ ಫೋನಿನಲ್ಲಿ ಈ ಆಟ ಆಡಿದವರೆಲ್ಲ ಬರೆದ ಅಭಿಪ್ರಾಯಗಳನ್ನು ತೆರೆದಳು. ಒಬ್ಬ ಸಂಗೀತವನ್ನು ಹೊಗಳಿದ್ದ. ಇನ್ನೊಬ್ಬಳಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಮತ್ತೊಬ್ಬ ಬರೆದಿದ್ದ: ‘ಮೊದಲ ಚಿತ್ರದಲ್ಲೇ ಗೋಡೆಗೆ ಒರಗಿಸಿದ ಮರದ ಕೋಲು ಎತ್ತಿಕೊಂಡು ತೊಟ್ಟಿಯ ಮೇಲೆ ಇಡಿ. ಮಗು ಬದುಕುತ್ತದೆ. ನಾವೆಲ್ಲ ಅದರ ಪಕ್ಕದಲ್ಲೇ ನಡೆದುಹೋಗಿದ್ದೇವೆ.’

ಅದನ್ನು ಮಾತ್ರ ದಿವ್ಯ ಅತ್ತೆಗೆ ಓದಿ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಕೇಳದೆಯೇ ಸುವರ್ಣಮ್ಮ ಹೇಳಿದರು. ಹಿತ್ತಲ ಜಗಲಿಯ ಮೇಲೆ, ಕನಕಾಂಬರದ ತೊಟ್ಟಿಗೆ ಎದುರಾಗಿ ಕೂತು ಹೇಳಿದರು.

ಮೂವತ್ತೈದು ವರ್ಷದ ಹಿಂದೆ ಈ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಹಣ್ಣಾಗಿ ಮೈ ಹೊಂಬಣ್ಣಕ್ಕೆ ತಿರುಗಿದ ದಿನ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗೆ ಬಿಡಬೇಕು. ತಡವಾದರೆ ಎಲ್ಲೆಂದರಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಅಂಥ ದಿನ ಬಾಣಂತಿಗೂ ಬಿಡುವಿಲ್ಲ. ನಡೆದಾಡುವ ಕೂಸಿದ್ದರೆ ಸೀರೆಯಂಚಿನಿಂದ ಕಂಬಕ್ಕೆ ಕಟ್ಟಿ, ಕಣ್ಣಳತೆಯಲ್ಲಿ ಬಿಟ್ಟುಕೊಂಡು ಹೆಂಗಸರು ಹುಳು ಆರಿಸುತ್ತಿದ್ದರು. ಸುವರ್ಣಮ್ಮನ ಚೊಚ್ಚಲ ಮಗಳು ರೂಪಳಿಗೆ ಆಗ ಎರಡು ವರ್ಷ. ಶಾಂತಮೂರ್ತಿ ಇನ್ನೂ ಹುಟ್ಟಿರಲಿಲ್ಲ.

“ಮೈಸೂರಿಂದ ನಮ್ಮ ನಾದ್ನಿ ಬಂದಿದ್ಲು. ನೋಡ್ಬುಟ್ಟು, ‘ಇದೇನತ್ಗೆ, ಕರು ಕಟ್ಟಾಕ್ದಂಗೆ ಕಟ್ಟಾಕಿದ್ದೀರಿ’ ಅಂದ್ಲು. ಎಲ್ರೂ ನಕ್ಕರು. ನಂಗೆ ನಾಚ್ಕೆ ಆಯ್ತು. ಬಿಚ್ಬುಟ್ಟೆ.”

ಎರಡು ತಿಂಗಳ ಹಿಂದೆ ದಿವ್ಯ ಆಡಿದ್ದೂ ಅದೇ ಮಾತು.

“ಈ ತೊಟ್ಟೀಲಿ ಹುಳದ ತಟ್ಟೆ ತೊಳಿಯಕ್ಕೆ ನೆನೆ ಆಕಿದ್ದೊ. ಬಿದಿರಿನ ತಟ್ಟೆ, ನೀರ್ ಮೇಲೆ ತೇಲ್ತಾ ಇದ್ದೊ. ಕೂಸು ಕಾಣ್ನಿಲ್ಲ ಅಂತ ಒಬ್ರು ನಾಲೆ ತಾವ್ಕೋದ್ರು, ಒಬ್ರು ಯಳಂದೂರು ಬಸ್‌ಸ್ಟ್ಯಾಂಡ್ಗೋದ್ರು. ನಾನು ಇದ್ರ ಪಕ್ಕದಲ್ಲೇ ಎಲ್ಡು ಸಲ ಓಡಾಡ್ದೆ ಕಣವ್ವ. ತಟ್ಟೆ ನೆಂದವೆ ಅಂದ್ಕೊಂಡು ಮುಂದಕ್ಕೋದೆ.”

ಒಳಗೆ ದೀಪ ನಿದ್ದೆಯಲ್ಲಿ ಮಗ್ಗುಲಾಗಿದ್ದಕ್ಕೆ ದಿವ್ಯಳ ಕಿವಿ ನಿಮಿರಿತು.

“ಒಂದು ಕೇಳ್ತೀನಿ,” ಎಂದರು ಸುವರ್ಣಮ್ಮ. “ಆ ಆಟದಾಗೆ ಮೊದ್ಲೇ ಬಟ್ಟೆ ಎತ್ತಿದ್ರೆ ಆ ಕೂಸು ಬದುಕ್ತಿತ್ತಾ?”

ದಿವ್ಯ ತೊಟ್ಟಿಯತ್ತ ನೋಡುತ್ತ, “ಇಲ್ಲ ಅತ್ತೆ. ಹೇಗೆ ಆಡಿದ್ರೂ ಅಷ್ಟೇ. ಆ ಕಥೆ ಇರೋದೇ ಹಾಗೆ,” ಎಂದಳು. ಅಷ್ಟಕ್ಕೇ ನಿಲ್ಲದೆ, “ಸೋಮವಾರದಿಂದ ದೀಪನ್ನ ನಿಮ್ಮ ಹತ್ರಾನೇ ಬಿಟ್ಟು ಹೋಗ್ತೀನಿ. ನನಗೇನೂ ಭಯ ಇಲ್ಲ. ನಿಮ್ಮನ್ನ ನಂಬ್ತೀನಿ,” ಎಂದೂ ಸೇರಿಸಿದಳು.

ಸುವರ್ಣಮ್ಮ ತಲೆಯಾಡಿಸಿದರು. ಅವರ ಮುಖ ತುಸು ಸಡಿಲವಾದಂತೆ ದಿವ್ಯಳಿಗೆ ಕಂಡಿತು.

ಭಾನುವಾರ ಗಂಡ ಹೆಂಡತಿ ಮಗುವನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಹೋಗಿ, ಶಾಲೆಗೆ ಹಾಕಿಕೊಳ್ಳಲು ಎರಡು ಚೂಡಿದಾರ ತಂದರು. ಮನೆಗೆ ಬಂದಾಗ ಪಡಸಾಲೆಯಲ್ಲಿ ಲ್ಯಾಪ್‌ಟಾಪು ತೆರೆದಿತ್ತು. ಪರದೆಯ ಮೇಲೆ ಇರಿನಾ ಒದ್ದೆ ಬೆಡ್‌ಶೀಟುಗಳ ನಡುವೆ ಕುಸಿದು ಕೂತಿದ್ದಳು. ತೊಡೆಯ ಮೇಲೆ ಮಿಲಾ ಕೆಮ್ಮುತ್ತಿದ್ದಳು.

“ಉಸ್ರಾಡ್ತಾ ಅದೆ,” ಎಂದರು ಸುವರ್ಣಮ್ಮ ತಿರುಗಿ ನೋಡದೆ.

ಶಾಂತಮೂರ್ತಿಗೆ ಏನೂ ಅರ್ಥವಾಗಲಿಲ್ಲ. “ಅವ್ವ, ಕಂಪ್ಯೂಟರ್ ಕಲ್ತ್‌ಬುಟ್ಯಲ್ಲ!” ಎಂದು ನಕ್ಕು ಕೈಕಾಲು ತೊಳೆಯಲು ಹೋದ.

“ನೀನು ಒತ್ತೋದ ನೋಡಿದ್ದೆ. ಅಂಗೇ ಮೊದ್ಲಿಂದ ಸುರು ಮಾಡ್ದೆ. ಅಲ್ಲಿ ಸಿಕ್ಕಿದ್ದ ಒಂದೊಂದ್ನೂ ತಂದು ತೊಟ್ಟಿ ಮೇಲಿಟ್ಟೆ. ಬುಟ್ಟಿ, ಸೋಪು, ಹಗ್ಗ. ಕೋಲಿಟ್ಟಾಗ ಬಟ್ಟೆ ಎತ್ತುದ್ಲು.” ಅವರು ಪರದೆಯನ್ನೇ ನೋಡುತ್ತಿದ್ದರು. “ಬಟ್ಟೆ ಎತ್ತಕ್ಕೆ ಕೋಲ್ಯಾಕೆ ಬೇಕು ಅಂತ ಈ ಆಟ ಮಾಡ್ದೋನ ಕೇಳು. ಹೆತ್ತೋಳು ಕೈ ಆಕಲ್ವ?” ಆಮೇಲೆ ತಮ್ಮ ಅಂಗೈ ನೋಡಿಕೊಂಡು, “ನಾನೂ ಆಕ್ನಿಲ್ಲ,” ಎಂದರು.

“ಅತ್ತೆ, ನಿಮಗೆ ನೋವಾಗಬಾರದು ಅಂತ...”

“ಮೂವತ್ತೈದು ವರ್ಸದಿಂದ ಎಲ್ರೂ ಅಂಗೇ ಅಂದ್ರು. ಎಂಗಿದ್ರೂ ಹೋಗೋ ಜೀವ, ನೀನೇನ್ ಮಾಡಕ್ಕಾಯ್ತಿತ್ತು ಅಂದ್ರು. ನಮ್ಮ ನಾದ್ನೀನೂ ಅಂದ್ಲು. ನೀನೂ ಅಂದೆ. ಈ ಪೆಟ್ಗೆ ಒಂದೇ ದಿಟ ಹೇಳ್ದದ್ದು.”

ದಿವ್ಯ ಚೂಡಿದಾರದ ಕವರನ್ನು ನೆಲಕ್ಕಿಟ್ಟಳು. ಹೆಗಲ ಮೇಲೆ ದೀಪ ತೂಕಡಿಸುತ್ತಿದ್ದಳು.

“ನಿಮ್ಮನ್ನ ನಂಬ್ತೀನಿ ಅಂದ್ಯಲ್ಲ ನಿನ್ನೆ. ಅದೂ ನನ್ನ ಸಮಾಧಾನಕ್ಕೆ ಹೇಳಿದ್ದಾ?”

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು! ನಾಲಿಗೆಯ ತುದಿಯವರೆಗೂ ಬಂದಿತ್ತು. ಸೋಮವಾರದ ಕೆಲಸ, ಹೊಸ ಚೂಡಿದಾರದ ಕವರು, ಎಂಟು ಗಂಟೆಯ ಬಸ್ಸು ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿದ್ದವು.

“ಭಯ ಆಗುತ್ತೆ ಅತ್ತೆ,” ಎಂದಳು. “ನಿಮ್ಮ ಹತ್ರ ಬಿಡೋಕೂ ಭಯ. ಎಲ್ಲಿ ಬಿಡೋಕೂ ಭಯ. ನನ್ನ ಹತ್ರಾನೇ ಇದ್ರೂ ಭಯ.”

ಸುವರ್ಣಮ್ಮ ಆಗ ತಿರುಗಿದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇರೇನೂ ಇರಲಿಲ್ಲ.

“ಅದ್ನ ಹೇಳು,” ಎಂದರು. “ನಂಗೂ ಭಯವೇ. ಅಂಗಿದ್ರೆ ನೋಡ್ಕತೀನಿ.”

ಸೋಮವಾರ ಏಳೂವರೆಗೆ ಸುವರ್ಣಮ್ಮ ತಮ್ಮ ಹಳೆ ಸೀರೆಯೊಂದರ ಅಂಚು ಹರಿದು ತಂದರು. ಸೊಸೆಯ ಕೈಗೆ ಕೊಟ್ಟರು. ದಿವ್ಯ ಮಗಳ ಸೊಂಟಕ್ಕೆ ಅದನ್ನು ಸುತ್ತಿ ಗಂಟು ಹಾಕಿದಳು. ಗಂಟು ಸಡಿಲಾಯಿತು. ಸುವರ್ಣಮ್ಮ ಅದನ್ನು ಬಿಚ್ಚಿ, ಎರಡು ಬೆರಳು ತೂರುವಷ್ಟು ಜಾಗ ಬಿಟ್ಟು ಮತ್ತೆ ಬಿಗಿದರು. ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟದೆ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ದೀಪ ಎಳೆದಳು. ಅಜ್ಜಿ ಅಲುಗಲಿಲ್ಲ. ಅದನ್ನೇ ಆಟವೆಂದುಕೊಂಡು ಮಗು ಕೇಕೆ ಹಾಕಿತು.

“ಓಗು. ಬಸ್ಸು ತಪ್ಪಿಸ್ಕೋಬ್ಯಾಡ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗದ್ದೆಗಳು ಹಿಂದೆ ಸರಿದವು. ಟಿಕೆಟ್ಟು ತೆಗೆದುಕೊಂಡು ಬ್ಯಾಗಿಗೆ ಹಾಕುವಾಗ ದಿವ್ಯಳಿಗೆ ಬೆಳಗಿನದೆಲ್ಲ ಕಣ್ಣಮುಂದೆ ಬಂತು: ದೀಪಳ ಸ್ನಾನ, ಟವೆಲ್ಲು, ಅವಸರದಲ್ಲಿ ಬಾಚಿದ ತಲೆ. ಬಕೆಟ್ಟು? ಮಗುವಿಗೆ ಹದಮಾಡಿದ ನೀರು ಅರ್ಧ ಬಕೆಟ್ಟು ಹಾಗೇ ಉಳಿದಿತ್ತು. ಮಗುಚಿರಲಿಲ್ಲ.

ಅವಳು ಫೋನು ಹಚ್ಚಿದಳು. ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬಸ್ಸು ನಿಲ್ಲಿಸಿ ಎಂದು ಕೂಗಲು ಅವಳು ಎದ್ದೇ ನಿಂತಿದ್ದಳು. ಕಂಡಕ್ಟರು ತಿರುಗಿ ನೋಡಿದ್ದ. ಆಗ ಆ ಕಡೆಯಿಂದ ಏದುಸಿರಿನ ದನಿ ಬಂತು.

“ಅತ್ತೆ, ಬಚ್ಚಲಲ್ಲಿ ಬಕೆಟ್ಟು...”

“ಮರ್ತಿದ್ದೆ ನೀನು,” ಎಂದರು ಸುವರ್ಣಮ್ಮ. “ನೀನು ಗೇಟು ದಾಟಕ್ಕೆ ಮುಂಚೆ ಓಗಿ ನೋಡ್ದೆ. ಕೈ ಆಕಿ ನೋಡಿ ಮಗುಚ್ದೆ. ಸಂಜೆವರ್ಗೂ ಇನ್ನ ಎಷ್ಟು ಸಲ ನೋಡ್ತೀನೋ. ನೀನು ಓಗು.”

ಅವರ ದನಿಯ ಹಿಂದೆ ದೀಪಳ ಕೇಕೆ ಕೇಳುತ್ತಿತ್ತು. ದಿವ್ಯ ಕೂತಳು. ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಸುವರ್ಣಮ್ಮನೂ ಇಡಲಿಲ್ಲ. ಇಬ್ಬರೂ ಏನೂ ಮಾತಾಡದೆ, ಸಿಗ್ನಲ್ಲು ಕಡಿಯುವವರೆಗೂ, ಆ ಮಗುವಿನ ಸದ್ದನ್ನು ಕೇಳುತ್ತಿದ್ದರು.